ಪೇಜ್‌ಫೈಂಡ್ ವಿಮರ್ಶೆ: ಕನ್ನಡ ಜಾಲತಾಣಕ್ಕೆ ಹಗುರವಾದ ಹುಡುಕುಪೆಟ್ಟಿಗೆ

ಹುಡುಕುಪೆಟ್ಟಿಗೆಯಲ್ಲಿ "ಮೈಸೂರು" ಎಂದು ಹೊಡೆದರೆ "ಮೈಸೂರಿನಲ್ಲಿ" ಎಂದು ಬರೆದಿರುವ ಪುಟ ಸಿಗಬೇಕೋ ಬೇಡವೋ? ಸಿಗಬೇಕು ಎಂದು ಓದುವವರೆಲ್ಲ ಹೇಳುತ್ತಾರೆ. ಪೇಜ್‌ಫೈಂಡ್ ಅನ್ನು ತಂದು ಹಾಗೇ ಕೂರಿಸಿದರೆ ಸಿಗುವುದಿಲ್ಲ. ಹಾಗಿದ್ದೂ ಸಣ್ಣ, ಮಧ್ಯಮ ಗಾತ್ರದ ಕನ್ನಡ ಜಾಲತಾಣಗಳಿಗೆ ಈಗ ಕೈಗೆಟಕುವ ಸಾಧನಗಳಲ್ಲಿ ಇದೇ ಮೇಲು ಎಂಬುದು ನಮ್ಮ ತೀರ್ಮಾನ. ಷರತ್ತು ಒಂದೇ: ಅದರ ಜೊತೆ ಬರುವ ಸಿದ್ಧ ಮುಖವನ್ನು, ಅಂದರೆ ತೆರೆಯ ಮೇಲೆ ಕಾಣುವ ಪೆಟ್ಟಿಗೆ ಮತ್ತು ಫಲಿತಾಂಶದ ಭಾಗವನ್ನು, ಬಿಟ್ಟು, ಕನ್ನಡದ ನಡೆ ಗೊತ್ತಿರುವ ಒಂದು ಚಿಕ್ಕ ಮುಖವನ್ನು ನೀವೇ ಬರೆದುಕೊಳ್ಳಬೇಕು.

ಇದು ಏನು ಮಾಡುತ್ತದೆ ಎಂಬುದು ಮೊದಲು. ಹ್ಯೂಗೋ, ಜೆಕಿಲ್, ಇಲೆವೆಂಟಿ, ಆಸ್ಟ್ರೋ ಮುಂತಾದ ತಾಣ ಕಟ್ಟುವ ಸಾಧನಗಳಿಂದ ಕಟ್ಟಿದ ತಾಣದಲ್ಲಿ ಸರ್ವರ್ ಕಡೆ ಓಡುವ ಪ್ರೋಗ್ರಾಂ ಇರುವುದಿಲ್ಲ. ಬರೀ ಎಚ್‌ಟಿಎಂಎಲ್ ಫೈಲುಗಳು. ಪೇಜ್‌ಫೈಂಡ್ ಆ ಸಿದ್ಧ ಫೈಲುಗಳನ್ನೆಲ್ಲ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ಒಂದು ಸೂಚಿಯನ್ನು ತಯಾರಿಸಿ, ಅದನ್ನು ನೂರಾರು ಸಣ್ಣ ತುಣುಕುಗಳಾಗಿ ಒಡೆದು ತಾಣದೊಳಗೇ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಓದುಗರು ಒಂದು ಪದ ಹೊಡೆದಾಗ ಆ ಪದ ಇರಬಹುದಾದ ತುಣುಕು ಮಾತ್ರ ಇಳಿಯುತ್ತದೆ. ರಸ್ಟ್ ಭಾಷೆಯಲ್ಲಿ ಬರೆದದ್ದು. ಬ್ರೌಸರಿನಲ್ಲಿ ವೆಬ್‌ಅಸೆಂಬ್ಲಿಯಾಗಿ (ಬ್ರೌಸರ್ ವೇಗವಾಗಿ ನಡೆಸಬಲ್ಲ ಯಂತ್ರಸಂಕೇತವಾಗಿ) ಓಡುತ್ತದೆ. ಎಂಐಟಿ ಪರವಾನಗಿ ಇರುವುದರಿಂದ ದುಡ್ಡಿನ ಮಾತಿಲ್ಲ. 10,000 ಪುಟಗಳ ತಾಣದಲ್ಲೂ ಒಂದು ಹುಡುಕಾಟಕ್ಕೆ ಲೈಬ್ರರಿಯೂ ಸೇರಿ 300 ಕೆಬಿಗಿಂತ ಕಡಿಮೆ ಇಳಿಯುತ್ತದೆ, ಹೆಚ್ಚಿನ ತಾಣಗಳಿಗೆ 100 ಕೆಬಿ ಆಸುಪಾಸು ಎಂದು ತಯಾರಕರಾದ ಕ್ಲೌಡ್‌ಕ್ಯಾನನ್‌ನವರು ಹೇಳುತ್ತಾರೆ. ಲೂನರ್‌ನಂಥ ಹಳೆಯ ಲೈಬ್ರರಿಗಳಲ್ಲಿ ಇಡೀ ಸೂಚಿಯೇ ಮೊದಲು ಇಳಿಯಬೇಕು. ಸಾವಿರ ಲೇಖನಗಳ ಕನ್ನಡ ಸೂಚಿ ಎಂದರೆ ಯುಟಿಎಫ್-8ರಲ್ಲಿ ಪ್ರತಿ ಅಕ್ಷರಚಿಹ್ನೆಗೆ 3 ಬೈಟ್. ಹಳ್ಳಿಯ ಮೊಬೈಲ್ ಸಿಗ್ನಲ್ಲಿನಲ್ಲಿ ಅದನ್ನು ಕಾಯುತ್ತಾ ಯಾರೂ ಕೂರುವುದಿಲ್ಲ. ಲೂನರ್‌ಗೆ ಇನ್ನೊಂದು ತೊಡಕೂ ಇದೆ: ಪದದ ಹಿಂದುಮುಂದಿನ ಚಿಹ್ನೆಗಳನ್ನು ಕತ್ತರಿಸುವ ಅದರ ಮೂಲ ಟ್ರಿಮ್ಮರ್‌ಗೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ಭಾಷೆಗೆ ತಕ್ಕ ಟ್ರಿಮ್ಮರ್ ಸೇರಿಸದಿದ್ದರೆ ಕನ್ನಡ ಪದವನ್ನು ಇಡಿಯಾಗಿ ಕತ್ತರಿಸಿ ಹಾಕಿಬಿಡುತ್ತದೆ.

ಕೂರಿಸುವುದು

ಕೂರಿಸುವ ಕೆಲಸ ಐದು ನಿಮಿಷದ್ದು. ತಾಣವನ್ನು ಎಂದಿನಂತೆ ಕಟ್ಟಿ ಮುಗಿಸಿದ ಮೇಲೆ "ಎನ್‌ಪಿಎಕ್ಸ್ ಪೇಜ್‌ಫೈಂಡ್" ಆದೇಶಕ್ಕೆ ಎರಡು ಗೆರೆಯ "ಸೈಟ್" ಆಯ್ಕೆ ಕೊಟ್ಟು, ಸಿದ್ಧ ಪುಟಗಳಿರುವ ಫೋಲ್ಡರನ್ನು ತೋರಿಸಬೇಕು. ಹ್ಯೂಗೋ ಆದರೆ ಅದು "ಪಬ್ಲಿಕ್", ಜೆಕಿಲ್ ಮತ್ತು ಇಲೆವೆಂಟಿಗೆ ಅಡಿಗೆರೆ ಹಚ್ಚಿದ "ಸೈಟ್", ಆಸ್ಟ್ರೋಗೆ "ಡಿಸ್ಟ್". ಈ ಆದೇಶಕ್ಕೆ ಬೇಕಾಗುವ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಬೇಡ ಎನ್ನುವವರು ಪೈಥಾನಿನ ಪಿಪ್ ಮೂಲಕವೂ ಹಾಕಿಕೊಳ್ಳಬಹುದು. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಹುಡುಕಾಟ ನಡೆಯುವುದಿಲ್ಲ. ತುಣುಕುಗಳು ಎಚ್‌ಟಿಟಿಪಿ ಮೂಲಕವೇ ಬರಬೇಕು. ಅದಕ್ಕೇ "ಸರ್ವ್" ಆಯ್ಕೆ ಇದೆ, 1414ನೇ ಪೋರ್ಟಿನಲ್ಲಿ ತಾಣ ತೆರೆದುಕೊಳ್ಳುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಎರಡು. ಮೊದಲನೆಯದು ಎಚ್‌ಟಿಎಂಎಲ್ ಟ್ಯಾಗಿನ ಭಾಷಾ ಗುರುತು. ಪೇಜ್‌ಫೈಂಡ್ ಪ್ರತಿ ಭಾಷೆಗೆ ಪ್ರತ್ಯೇಕ ಸೂಚಿ ಕಟ್ಟುತ್ತದೆ. ಓದುಗರು ಯಾವ ಪುಟದಲ್ಲಿ ಹುಡುಕುತ್ತಿದ್ದಾರೋ ಆ ಪುಟದ ಭಾಷೆಯ ಸೂಚಿಯನ್ನೇ ತೆರೆಯುತ್ತದೆ. ಎಷ್ಟೋ ಕನ್ನಡ ತಾಣಗಳ ಟೆಂಪ್ಲೇಟಿನಲ್ಲಿ ಥೀಮ್ ಜೊತೆ ಬಂದ "ಇಎನ್" (ಇಂಗ್ಲಿಷ್) ಹಾಗೇ ಉಳಿದಿರುತ್ತದೆ. ಕೆಲವು ಪುಟಕ್ಕೆ "ಇಎನ್", ಕೆಲವಕ್ಕೆ "ಕೆಎನ್" (ಕನ್ನಡ) ಎಂದು ಬೆರೆತಿದ್ದರೆ ಮುಖಪುಟದಲ್ಲಿ ಹುಡುಕಿದಾಗ ಅರ್ಧ ತಾಣ ಮಾಯವಾಗುತ್ತದೆ, ಯಾಕೆಂದು ತಿಳಿಯುವುದೇ ಇಲ್ಲ. ಎಲ್ಲ ಪುಟಕ್ಕೂ "ಕೆಎನ್" ಇರಲಿ. ಇಂಗ್ಲಿಷ್ ಬರಹಗಳನ್ನೂ ಅದೇ ಪೆಟ್ಟಿಗೆಯಲ್ಲಿ ಹುಡುಕಬೇಕೆಂದಿದ್ದರೆ "ಫೋರ್ಸ್ ಲ್ಯಾಂಗ್ವೇಜ್" ಆಯ್ಕೆಯಿಂದ ಎಲ್ಲವನ್ನೂ ಒಂದೇ ಸೂಚಿಗೆ ಸೇರಿಸಬಹುದು.

ಎರಡನೆಯದು "ಡೇಟಾ ಪೇಜ್‌ಫೈಂಡ್ ಬಾಡಿ" ಎಂಬ ಗುರುತು. ಲೇಖನದ ಮೈಯನ್ನು ಮಾತ್ರ ಸೂಚಿಗೆ ಸೇರಿಸಿ, ಮೆನು, ಅಡಿಬರಹ, "ಇದನ್ನೂ ಓದಿ" ಪಟ್ಟಿಗಳನ್ನು ಹೊರಗಿಡಲು ಇದನ್ನು ಹಾಕುತ್ತೇವೆ. ಹಾಕಲೇಬೇಕು, ಇಲ್ಲದಿದ್ದರೆ ಅಕ್ಕಪಕ್ಕದ ಪಟ್ಟಿಯಲ್ಲಿ "ಯಕ್ಷಗಾನ" ಎಂಬ ಕೊಂಡಿ ಇರುವ ಕಾರಣಕ್ಕೆ ತಾಣದ ಎಲ್ಲ ಪುಟವೂ ಯಕ್ಷಗಾನದ ಫಲಿತಾಂಶವಾಗಿ ಬರುತ್ತದೆ. ಆದರೆ ಈ ಗುರುತು ಒಂದೇ ಒಂದು ಪುಟದಲ್ಲಿ ಕಂಡರೂ ಸಾಕು, ಅದು ಇಲ್ಲದ ಪುಟಗಳನ್ನೆಲ್ಲ ಪೇಜ್‌ಫೈಂಡ್ ಸೂಚಿಯಿಂದ ಪೂರ್ತಿ ಬಿಟ್ಟುಬಿಡುತ್ತದೆ. ಲೇಖನದ ಟೆಂಪ್ಲೇಟಿಗೆ ಹಾಕಿ ಪುಸ್ತಕಪಟ್ಟಿಯ ಟೆಂಪ್ಲೇಟಿಗೆ ಮರೆತರೆ ಪುಸ್ತಕಗಳು ಸಿಗುವುದಿಲ್ಲ. ಸೂಚಿ ಕಟ್ಟಿ ಮುಗಿದಾಗ ಎಷ್ಟು ಪುಟ, ಎಷ್ಟು ಪದ ಎಂದು ಲೆಕ್ಕ ತೋರಿಸುತ್ತದೆ. ಆ ಪುಟಸಂಖ್ಯೆಯನ್ನು ಪ್ರತಿ ಸಲವೂ ನೋಡುವ ಅಭ್ಯಾಸ ಒಳ್ಳೆಯದು.

ಅದೇ ಹೊತ್ತಿಗೆ ಈ ಭಾಷೆಗೆ ಸ್ಟೆಮ್ಮಿಂಗ್ ಇಲ್ಲ ಎಂಬ ಸೂಚನೆಯೂ ಕಾಣುತ್ತದೆ. ಸ್ಟೆಮ್ಮಿಂಗ್ ಎಂದರೆ ಪ್ರತ್ಯಯ ಕಳಚಿ ಮೂಲಪದವನ್ನು ಹಿಡಿಯುವುದು. ಇದಕ್ಕೆ ಬಳಕೆಯಾಗುವ ಸ್ನೋಬಾಲ್ ಎಂಬ ನಿಯಮಗಳ ಗುಂಪಿನಲ್ಲಿ ತಮಿಳು ಇದೆ, ಹಿಂದಿ ಇದೆ, ನೇಪಾಳಿಯೂ ಇದೆ. ಕನ್ನಡ ಇಲ್ಲ. ಮುಖದ ಕಡೆಯ ಕೆಲಸವೆಲ್ಲ ಹುಟ್ಟುವುದು ಈ ಕೊರತೆಯಿಂದ.

ಸಿದ್ಧ ಮುಖ ಏಕೆ ಸಾಲದು

ಜೊತೆಗೆ ಬರುವ ಸಿದ್ಧ ಮುಖ ನೋಡಲು ಚೆನ್ನಾಗಿದೆ. ಒಂದು ಸಿಎಸ್‌ಎಸ್, ಒಂದು ಜಾವಾಸ್ಕ್ರಿಪ್ಟ್ ಸೇರಿಸಿದರೆ ಪೆಟ್ಟಿಗೆ ಬಂದು ಕೂರುತ್ತದೆ. ಅದರಲ್ಲಿರುವ ಮಾತುಗಳನ್ನು "ಟ್ರಾನ್ಸ್‌ಲೇಷನ್ಸ್" ಆಯ್ಕೆಯಲ್ಲಿ ಕನ್ನಡಕ್ಕೆ ತಿರುಗಿಸಬಹುದು: ಖಾಲಿ ಪೆಟ್ಟಿಗೆಯ ಸೂಚನೆ, "ಇನ್ನಷ್ಟು ತೋರಿಸಿ", "ಏನೂ ಸಿಗಲಿಲ್ಲ" ಎಲ್ಲವನ್ನೂ. ಎರಡು ದಿನದಲ್ಲಿ ತಾಣ ತೆರೆಯಬೇಕು ಎನ್ನುವವರಿಗೆ ಇದು ಸಾಕು. ಆದರೆ ಓದುಗರು ಹೊಡೆದ ಪದವನ್ನು ಕನ್ನಡದ ರೀತಿಯಲ್ಲಿ ತಿದ್ದಿ, ಎರಡು ರೂಪದಲ್ಲಿ ಹುಡುಕಿ, ಫಲಿತಾಂಶಗಳನ್ನು ಬೆರೆಸುವ ಅವಕಾಶ ಅದರಲ್ಲಿ ಇಲ್ಲ. ಅದಕ್ಕೆ ಪೇಜ್‌ಫೈಂಡಿನ ಜಾವಾಸ್ಕ್ರಿಪ್ಟ್ ಎಪಿಐಯನ್ನು (ಬೇರೆ ಸ್ಕ್ರಿಪ್ಟುಗಳು ಕರೆಯಲು ಕೊಟ್ಟಿರುವ ದಾರಿಯನ್ನು) ನೇರವಾಗಿ ಕರೆಯಬೇಕು. ಕರೆಯುವುದು ಸುಲಭ, ಪೂರ್ತಿ ಮುಖಕ್ಕೆ ನೂರು ಸಾಲಿನ ಸ್ಕ್ರಿಪ್ಟ್ ಸಾಕು. ಎಚ್‌ಟಿಎಂಎಲ್, ಸಿಎಸ್‌ಎಸ್ ಸೇರಿ 4 ಕೆಬಿ ದಾಟಬಾರದು ಎಂದು ಮೊದಲೇ ಗೆರೆ ಹಾಕಿಕೊಂಡರೆ ಅನಗತ್ಯದ್ದು ಒಳಗೆ ಬರುವುದಿಲ್ಲ. ಒಂದು ಹುಡುಕುಪೆಟ್ಟಿಗೆಗಾಗಿ ರಿಯಾಕ್ಟ್ ಎಂಬ ದೊಡ್ಡ ಲೈಬ್ರರಿ ತರುವುದು ಸೊಪ್ಪು ತರಲು ಲಾರಿ ಕಳಿಸಿದ ಹಾಗೆ.

ಚೌಕಟ್ಟು ಹೀಗಿರಲಿ. ಒಂದು ಫಾರ್ಮ್, ಅದರೊಳಗೆ ಲೇಬಲ್, "ಸರ್ಚ್" ಬಗೆಯ ಇನ್‌ಪುಟ್, ಒಂದು ಗುಂಡಿ. 2023ರಲ್ಲಿ ಎಚ್‌ಟಿಎಂಎಲ್‌ಗೆ "ಸರ್ಚ್" ಎಂಬ ಟ್ಯಾಗೇ ಸೇರಿದೆ. ಫಾರ್ಮನ್ನು ಅದರೊಳಗೆ ಇಟ್ಟರೆ ತೆರೆಯೋದುಗ (ತೆರೆಯ ಮೇಲಿನದನ್ನು ಓದಿ ಹೇಳುವ ಸಾಧನ) ಬಳಸುವವರು ನೇರವಾಗಿ ಅಲ್ಲಿಗೆ ಹಾರಬಹುದು. ಕೆಳಗೆ ಒಂದು ಸ್ಥಿತಿಯ ಸಾಲು, ಅದಕ್ಕೆ "ಏರಿಯಾ ಲೈವ್" ಗುಣ "ಪೊಲೈಟ್" ಎಂದು. "12 ಪುಟಗಳು ಸಿಕ್ಕಿವೆ" ಎಂಬುದನ್ನು ತೆರೆಯೋದುಗ ಓದಿ ಹೇಳುವುದು ಇದರಿಂದಲೇ. ಆ ಸಾಲು ಪುಟ ತೆರೆದಾಗಿನಿಂದ ಖಾಲಿಯಾಗಿ ಇರಬೇಕು. ಆಮೇಲೆ ಸ್ಕ್ರಿಪ್ಟಿನಿಂದ ಹೊಸದಾಗಿ ಸೇರಿಸಿದರೆ ಎಷ್ಟೋ ಓದುಗಗಳು ಗಮನಿಸುವುದೇ ಇಲ್ಲ. ಅದರ ಕೆಳಗೆ ಫಲಿತಾಂಶಗಳ ಪಟ್ಟಿ.

ಪೇಜ್‌ಫೈಂಡ್ ಸ್ಕ್ರಿಪ್ಟನ್ನು ಪುಟ ತೆರೆದ ಕೂಡಲೇ ಇಳಿಸಬೇಡಿ. ಓದುಗರು ಪೆಟ್ಟಿಗೆಯ ಮೇಲೆ ಬೆರಳಿಟ್ಟ ಕ್ಷಣಕ್ಕೆ, ಅಂದರೆ ಫೋಕಸ್ ಆದಾಗ, ಇಂಪೋರ್ಟ್ ಮಾಡಿ "ಇನಿಟ್" ಕರೆಯಿರಿ. ಅವರು ಮೊದಲ ಎರಡು ಅಕ್ಷರ ಹೊಡೆಯುವಷ್ಟರಲ್ಲಿ ವೆಬ್‌ಅಸೆಂಬ್ಲಿ ಸಿದ್ಧವಾಗಿರುತ್ತದೆ. ಹುಡುಕದೆ ಲೇಖನ ಓದಿ ಹೋಗುವವರಿಗೆ ಒಂದು ಬೈಟಿನ ಹೊರೆಯೂ ಬೀಳುವುದಿಲ್ಲ.

ಜಾವಾಸ್ಕ್ರಿಪ್ಟ್ ಇಲ್ಲದಾಗ ಫಾರ್ಮ್ ಸುಮ್ಮನೆ ಕೂರಬಾರದು. ಅದರ "ಆಕ್ಷನ್" ಗೂಗಲ್ ಹುಡುಕಾಟದ ವಿಳಾಸವಾಗಿರಲಿ, ಇನ್‌ಪುಟ್ಟಿನ ಹೆಸರು "ಕ್ಯೂ" ಇರಲಿ, "ಸೈಟ್‌ಸರ್ಚ್" ಎಂಬ ಅಡಗಿದ ಕ್ಷೇತ್ರದಲ್ಲಿ ನಿಮ್ಮ ತಾಣದ ವಿಳಾಸ ಇರಲಿ. ಸ್ಕ್ರಿಪ್ಟ್ ಇದ್ದರೆ ಅದು ಸಬ್ಮಿಟ್ ಅನ್ನು ತಡೆದು ತಾನೇ ಹುಡುಕುತ್ತದೆ, ಇಲ್ಲದಿದ್ದರೆ ಹೊರಗಿನ ಎಂಜಿನ್ ಹುಡುಕಿಕೊಡುತ್ತದೆ.

ಕನ್ನಡಕ್ಕೆಂದೇ ಮಾಡಬೇಕಾದದ್ದು

ಪೇಜ್‌ಫೈಂಡ್ ಪದದ ಆರಂಭವನ್ನು ಹೊಂದಿಸಿ ನೋಡುತ್ತದೆ. "ಮರ" ಎಂದರೆ ಮರದಲ್ಲಿ, ಮರವನ್ನು, ಮರಕ್ಕೆ ಎಲ್ಲವೂ ಸಿಗುತ್ತವೆ. "ಮನೆ" ಎಂದರೆ ಮನೆಗೆ, ಮನೆಯಿಂದ, ಮನೆಗಳು. ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೇ ಅಂಟುವ ಭಾಷೆಗೆ ಇದು ದೊಡ್ಡ ಅನುಕೂಲ. ಅಕಾರ, ಎಕಾರ, ಇಕಾರದಲ್ಲಿ ಮುಗಿಯುವ ಪದಗಳಿಗೆ ಸ್ಟೆಮ್ಮಿಂಗ್ ಇಲ್ಲದಿದ್ದರೂ ನಡೆಯುತ್ತದೆ. ತೊಂದರೆ ಇರುವುದು ಉಕಾರದಲ್ಲಿ. ಊರು, ಕಾಡು, ಹಾಡು, ಹಣ್ಣು, ಕಣ್ಣು ಇವುಗಳ ಕೊನೆಯ ಉಕಾರ ಪ್ರತ್ಯಯ ಸೇರುವಾಗ ಬಿದ್ದುಹೋಗುತ್ತದೆ: ಊರಿಗೆ, ಕಾಡಿನಲ್ಲಿ, ಹಾಡಿನ, ಹಣ್ಣಿನ. "ಊರು" ಎಂಬ ಅಕ್ಷರಸಾಲು "ಊರಿಗೆ"ಯ ಆರಂಭದಲ್ಲಿ ಇಲ್ಲ, ಹಾಗಾಗಿ ಸಿಗುವುದಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಕಡೂರು ಎಲ್ಲವೂ ಈ ಗುಂಪಿನವೇ ಆದ್ದರಿಂದ ಇದು ಮೂಲೆಯ ಸಮಸ್ಯೆ ಅಲ್ಲ. ಜನ ಅತಿ ಹೆಚ್ಚು ಹುಡುಕುವುದು ಊರಿನ ಹೆಸರನ್ನೇ.

ಮದ್ದು ಸರಳ. ಹುಡುಕುಪದ ಉಕಾರದ ಕಾಗುಣಿತ ಚಿಹ್ನೆಯಲ್ಲಿ, ಅಂದರೆ ಯೂನಿಕೋಡಿನ 0ಸಿಸಿ1 ಸಂಕೇತದಲ್ಲಿ, ಮುಗಿದರೆ ಎರಡು ಸಲ ಹುಡುಕಿ. ಮೊದಲು ಹೊಡೆದ ಹಾಗೆಯೇ, ಆಮೇಲೆ ಆ ಚಿಹ್ನೆಯನ್ನು ಕಳಚಿ. "ಮೈಸೂರು" ಒಮ್ಮೆ, "ಮೈಸೂರ" ಒಮ್ಮೆ. ಎರಡನೆಯದರಲ್ಲಿ ಮೈಸೂರಿನ, ಮೈಸೂರಿಗೆ, ಮೈಸೂರಲ್ಲಿ ಎಲ್ಲ ಬರುತ್ತವೆ. ಪ್ರತಿ ಫಲಿತಾಂಶಕ್ಕೂ ಒಂದು ಐಡಿ ಇರುತ್ತದೆ. ಮೊದಲ ಪಟ್ಟಿಯನ್ನು ಮೇಲಿಟ್ಟು, ಎರಡನೆಯದರಲ್ಲಿ ಅದೇ ಐಡಿ ಇರುವವನ್ನು ಬಿಟ್ಟು, ಉಳಿದವನ್ನು ಕೆಳಗೆ ಸೇರಿಸಿ. "ಗುರು", "ವಸ್ತು" ಮೊದಲಾದ ಸಂಸ್ಕೃತ ಪದಗಳು ಗುರುವಿಗೆ, ವಸ್ತುವಿನ ಎಂದು ಉಕಾರ ಉಳಿಸಿಕೊಳ್ಳುತ್ತವೆ, ಮೊದಲ ಹುಡುಕಾಟ ಅವನ್ನು ನೋಡಿಕೊಳ್ಳುತ್ತದೆ. ಕಳಚುವುದರಿಂದ ಕಸವೂ ಬರುತ್ತದೆ: "ಊರ" ಎಂಬ ಸಾಲು "ಊರ್ಧ್ವ"ದ ಆರಂಭವೂ ಹೌದು, ಯಂತ್ರಕ್ಕೆ ಒತ್ತಕ್ಷರದ ಅರಿವಿಲ್ಲ. ಕಳಚಿದ ಫಲಿತಾಂಶಗಳನ್ನು ಕೆಳಗಿಡುವುದು ಅದಕ್ಕೇ. ಎರಡು ಮೂರು ಪದ ಹೊಡೆದಾಗ ಪೇಜ್‌ಫೈಂಡ್ ಎಲ್ಲ ಪದಗಳೂ ಇರುವ ಪುಟಗಳನ್ನು ಕೊಡುತ್ತದೆ. ಆಗ ಪ್ರತಿ ಪದಕ್ಕೂ ಇದೇ ಕಳಚುವಿಕೆ ಬೇಕು. ಉದ್ಧರಣ ಚಿಹ್ನೆಯೊಳಗೆ ಹೊಡೆದಿದ್ದರೆ ಏನನ್ನೂ ಮುಟ್ಟಬೇಡಿ, ಅವರು ಆ ಪದಗಳನ್ನು ಅದೇ ಸಾಲಿನಲ್ಲಿ ಕೇಳುತ್ತಿದ್ದಾರೆ.

"ಪುಸ್ತಕಗಳು" ಎಂದು ಹೊಡೆದವರಿಗೆ "ಪುಸ್ತಕದಲ್ಲಿ" ಇರುವ ಪುಟವೂ ಬೇಕಾಗಿರಬಹುದು. ಗಳು, ಗಳಲ್ಲಿ, ಗಳಿಗೆ, ದಲ್ಲಿ, ಯಲ್ಲಿ, ದಿಂದ, ಯಿಂದ ಎಂಬ ಹತ್ತಾರು ಬಾಲಗಳ ಪಟ್ಟಿ ಇಟ್ಟುಕೊಂಡು, ಅತಿ ಉದ್ದದ್ದನ್ನು ಮೊದಲು ಕಳಚಿ ನೋಡಬಹುದು. ಕಳಚಿದ ಮೇಲೆ ಕನಿಷ್ಠ ಎರಡು ಅಕ್ಷರ ಉಳಿಯಬೇಕು ಎಂಬ ನಿಯಮ ಇರಲಿ. ಕ್ರಿಯಾಪದಗಳನ್ನು ಹೀಗೆ ಹಿಡಿಯಲು ಹೋಗಬೇಡಿ. ಬರು, ಬಂದ, ಬಾರದ ಮೂರನ್ನೂ ಒಂದು ಮಾಡುವ ನಿಯಮ ನೂರು ಸಾಲಿನಲ್ಲಿ ಹಿಡಿಯುವುದಿಲ್ಲ. ತಾಣದಲ್ಲಿ ಹುಡುಕುವವರು ಹುಡುಕುವುದು ನಾಮಪದವನ್ನೇ.

ಪದದ ನಡುವಿನದ್ದು ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. "ಮನೆ" ಎಂದರೆ ಅರಮನೆ ಬಾರದು, "ಉತ್ಸವ" ಎಂದರೆ ಮಹೋತ್ಸವ ಬಾರದು. ಸಂಧಿಯಾದ ಪದಗಳು ಮುಖ್ಯವಾಗಿರುವ ತಾಣವಾದರೆ ಪುಟದ ಕೊನೆಗೆ "ವಿಷಯ" ಎಂದು ಬಿಡಿಪದಗಳ ಒಂದು ಸಾಲು ಕೊಟ್ಟು ಅದಕ್ಕೆ "ಡೇಟಾ ಪೇಜ್‌ಫೈಂಡ್ ವೇಟ್" ಹಾಕಿ. ಸಾಮಾನ್ಯ ಬರಹದ ತೂಕ 1, ಅತಿ ದೊಡ್ಡ ತಲೆಬರಹದ್ದು 7, ಅಲ್ಲಿಂದ ಇಳಿಯುತ್ತಾ ಆರನೇ ಹಂತದ ತಲೆಬರಹಕ್ಕೆ 2. ನೀವು 0ಯಿಂದ 10ರವರೆಗೆ ಕೊಡಬಹುದು. ವಿಷಯದ ಸಾಲಿಗೆ 4 ಅಥವಾ 5 ಸಾಕು.

ಒಂದೇ ರೀತಿ ಕಾಣುವ, ಒಂದೇ ಅಲ್ಲದ ಅಕ್ಷರಗಳು

ಕನ್ನಡ ಹುಡುಕಾಟದಲ್ಲಿ ಕಣ್ಣಿಗೆ ಕಾಣದ ತಪ್ಪುಗಳು ಇಲ್ಲಿಂದ ಬರುತ್ತವೆ. ಯೂನಿಕೋಡಿನಲ್ಲಿ "ಕೋ" ಎಂಬುದನ್ನು ಕ ಮತ್ತು ಓತ್ವದ ಒಂದೇ ಚಿಹ್ನೆಯಾಗಿ ಬರೆಯಬಹುದು; ಎತ್ವ, ಊತ್ವದ ಕೊಂಬು, ದೀರ್ಘದ ಚಿಹ್ನೆ ಎಂದು ಮೂರಾಗಿ ಒಡೆದೂ ಬರೆಯಬಹುದು. ಕೀ, ಕೇ, ಕೈ, ಕೊ ಕೂಡ ಹೀಗೇ ಎರಡಾಗಿ ಒಡೆಯುತ್ತವೆ. ತೆರೆಯ ಮೇಲೆ ವ್ಯತ್ಯಾಸವಿಲ್ಲ, ಹೊಂದಿಸಿ ನೋಡುವ ಯಂತ್ರಕ್ಕೆ ಬೇರೆ ಬೇರೆ. ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದ ಬರಹವನ್ನು ಪರಿವರ್ತಕದಿಂದ ತಿರುಗಿಸಿ ತಂದ ಪುಟಗಳಲ್ಲಿ ಒಡೆದ ರೂಪಗಳು ನುಸುಳಿರುವ ಸಾಧ್ಯತೆ ಇದೆ. ಸೂಚಿ ಕಟ್ಟುವ ಮೊದಲು ಎಲ್ಲ ಪುಟವನ್ನೂ ಒಡೆದ ಚಿಹ್ನೆಗಳು ಕೂಡಿಕೊಳ್ಳುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಪೆಟ್ಟಿಗೆಗೆ ಬಂದ ಪದವನ್ನೂ "ನಾರ್ಮಲೈಸ್" ಎಂಬ ಒಂದೇ ಕರೆಯಿಂದ ಅದೇ ರೂಪಕ್ಕೆ ತನ್ನಿ. ಎರಡೂ ಕಡೆ ಮಾಡಬೇಕು. ಒಂದೇ ಕಡೆ ಮಾಡಿದರೆ ಮೊದಲಿಗಿಂತ ಕೆಡುತ್ತದೆ.

ಇನ್ನೂ ಹೆಚ್ಚು ಕಾಡುವುದು ಒತ್ತು ತಡೆಯುವ ಕಾಣದ ಚಿಹ್ನೆ. "ಸಾಫ್ಟ್‌ವೇರ್" ಎಂದು ವ ಪಕ್ಕಕ್ಕೆ ನಿಲ್ಲಬೇಕಾದರೆ ನಡುವೆ ಆ ಚಿಹ್ನೆ ಇರಬೇಕು. ಮೊಬೈಲಿನಲ್ಲಿ ಹೊಡೆಯುವವರು ಅದನ್ನು ಹಾಕದೆ "ಸಾಫ್ಟ್ವೇರ್" ಎಂದು ಒತ್ತಾಗಿಯೇ ಬಿಡುತ್ತಾರೆ. ಎರಡೂ ಬೇರೆ ಸಾಲುಗಳು. ಮೇಲುನೋಟದ ಉತ್ತರ ಎರಡೂ ಕಡೆ ಆ ಚಿಹ್ನೆಯನ್ನು ತೆಗೆದುಹಾಕುವುದು. ಹಾಗೆ ಮಾಡಿದರೆ ಹುಡುಕಾಟ ಸರಿಯಾಗುತ್ತದೆ, ಆದರೆ ಪೇಜ್‌ಫೈಂಡ್ ಕೊಡುವ ಉದ್ಧೃತ ತುಣುಕು ಸೂಚಿಯ ಬರಹದಿಂದಲೇ ಬರುವುದರಿಂದ ಫಲಿತಾಂಶದಲ್ಲಿ ಓದುಗರಿಗೆ ಒತ್ತಾದ ಅಡ್ಡಾದಿಡ್ಡಿ ರೂಪ ಕಾಣುತ್ತದೆ. ಇದಕ್ಕೆ ನಾವು ಒಪ್ಪುವ ದಾರಿ: ಪೇಜ್‌ಫೈಂಡಿನ ನೋಡ್ ಎಪಿಐ ಬಳಸಿ, ಮೂಲ ಪುಟವನ್ನು ಮುಟ್ಟದೆ, ಅದರ ಸ್ವಚ್ಛಗೊಳಿಸಿದ ನಕಲನ್ನು ಮಾತ್ರ ಸೂಚಿಗೆ ಕೊಡುವುದು. ಆ ನಕಲಿನಲ್ಲೂ ಲೇಖನದ ಎರಡು ಸಾಲಿನ ಪರಿಚಯವನ್ನು "ಡೇಟಾ ಪೇಜ್‌ಫೈಂಡ್ ಮೆಟಾ" ಮೂಲಕ ಚಿಹ್ನೆ ಸಮೇತ ಉಳಿಸಿ, ಫಲಿತಾಂಶದಲ್ಲಿ ಉದ್ಧೃತ ತುಣುಕಿನ ಬದಲು ಆ ಪರಿಚಯವನ್ನೇ ತೋರಿಸುವುದು. ಸಂಪಾದಕರು ಬರೆದ ಪರಿಚಯ ಯಂತ್ರ ಕತ್ತರಿಸಿದ ತುಣುಕಿಗಿಂತ ಓದಲೂ ಚೆಂದ.

ಕನ್ನಡ ಅಂಕಿಗಳೂ ಇದೇ ಸಾಲಿನವು. ೧೯೫೬ ಎಂದು ಬರೆದ ಪುಟ 1956 ಎಂದು ಹುಡುಕಿದವರಿಗೆ ಸಿಗಬೇಕಾದರೆ ಸೂಚಿಯ ನಕಲಿನಲ್ಲೂ ಹುಡುಕುಪದದಲ್ಲೂ ಒಂದೇ ಬಗೆಯ ಅಂಕಿ ಇರಬೇಕು. ಅನುಸ್ವಾರದ ಬದಲು ಅನುನಾಸಿಕ ಬರೆಯುವ ಹಳೆಯ ಪಠ್ಯಗಳು, ಅಂದರೆ ಸಂಪೂರ್ಣ, ಸಮ್ಪೂರ್ಣ ಎರಡೂ ಇರುವಂಥವು, ನಿಮ್ಮ ತಾಣದಲ್ಲಿದ್ದರೆ ಅದಕ್ಕೂ ಒಂದು ನಿಯಮ ಸೇರಿಸಿ.

ಕೀಲಿಮಣೆ, ಕಾಯುವಿಕೆ, ಹಿಂದಿನ ಗುಂಡಿ

ಪ್ರತಿ ಕೀಲಿಗೂ ಹುಡುಕುವುದು ಹಗುರ ಮುಖಕ್ಕೆ ಶತ್ರು. "ಡಿಬೌನ್ಸ್ಡ್ ಸರ್ಚ್" ಎಂಬ ಕರೆ ಪೇಜ್‌ಫೈಂಡಿನಲ್ಲೇ ಇದೆ, ಸುಮ್ಮನಿದ್ದರೆ 300 ಮಿಲಿಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಹೊಸ ಅಕ್ಷರ ಬಿದ್ದರೆ ಹಳೆಯ ಹುಡುಕಾಟ "ನಲ್" ಎಂದು ಮರಳುತ್ತದೆ. ಆ ನಲ್ ಅನ್ನು ನೋಡಿ ಸುಮ್ಮನಾಗುವುದನ್ನು ಮರೆತರೆ "ಏನೂ ಸಿಗಲಿಲ್ಲ" ಎಂಬ ಸಾಲು ಪ್ರತಿ ಅಕ್ಷರಕ್ಕೂ ಮಿಂಚಿ ಮಾಯವಾಗುತ್ತದೆ. ಎರಡು ರೂಪದಲ್ಲಿ ಹುಡುಕುವಾಗ ಮಾತ್ರ ಇದನ್ನು ಬಳಸಬೇಡಿ, ಎರಡನೇ ಕರೆ ಮೊದಲನೆಯದನ್ನೇ ರದ್ದು ಮಾಡುತ್ತದೆ. ಟೈಮರನ್ನು ನೀವೇ ಇಟ್ಟುಕೊಂಡು, ಸಾದಾ "ಸರ್ಚ್" ಅನ್ನು ಎರಡು ಸಲ ಕರೆಯಿರಿ. ಪ್ರತಿ ಸುತ್ತಿಗೆ ಒಂದು ಕ್ರಮಸಂಖ್ಯೆ ಕೊಟ್ಟು, ತಡವಾಗಿ ಬಂದ ಹಳೆಯ ಸುತ್ತಿನ ಉತ್ತರವನ್ನು ಬಿಸಾಡಿ.

ಲಿಪ್ಯಂತರ ಕೀಲಿಮಣೆಯಲ್ಲಿ "ಕನ್ನಡ" ಬರಬೇಕಾದರೆ ಮೊದಲು ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ, ಪದ ಆರಿಸಿದ ಮೇಲೆ ಕನ್ನಡವಾಗುತ್ತದೆ. ಈ ಹೊತ್ತಿನಲ್ಲಿ ಬ್ರೌಸರ್ "ಈಸ್ ಕಂಪೋಸಿಂಗ್" ನಿಜ ಎನ್ನುತ್ತದೆ. ಡೆಸ್ಕ್‌ಟಾಪಿಗೆ ಬರೆಯುವವರು ಕಂಪೋಸಿಂಗ್ ಇರುವಾಗ ಹುಡುಕಬಾರದು ಎಂದು ಒಂದು ಸಾಲು ಹಾಕಿ ಮುಗಿಸುತ್ತಾರೆ. ಆಂಡ್ರಾಯ್ಡಿನ ಜಿಬೋರ್ಡಿನಲ್ಲಿ ಸಾದಾ ಟೈಪಿಂಗಿನಲ್ಲೂ ಪದ ಮುಗಿಯುವವರೆಗೆ ಅದು ನಿಜವೇ ಆಗಿರುತ್ತದೆ. ಹಾಗಾಗಿ ಫೋನಿನಲ್ಲಿ ಸ್ಪೇಸ್ ಒತ್ತುವವರೆಗೆ ಏನೂ ನಡೆಯುವುದಿಲ್ಲ, ಪೆಟ್ಟಿಗೆ ಕೆಟ್ಟಿದೆ ಎಂದು ಜನ ತಿಳಿಯುತ್ತಾರೆ. ಸರಿಯಾದ ಷರತ್ತು ಇದು: ಕಂಪೋಸಿಂಗ್ ನಿಜವಾಗಿದ್ದು, ಪೆಟ್ಟಿಗೆಯಲ್ಲಿ ಬರೀ ಇಂಗ್ಲಿಷ್ ಅಕ್ಷರಗಳಿದ್ದರೆ ಮಾತ್ರ ಕಾಯಿರಿ. ಒಂದು ಕನ್ನಡ ಅಕ್ಷರ ಕಂಡರೂ ಹುಡುಕಿ.

ಫಲಿತಾಂಶ ತೋರಿಸುವಲ್ಲಿ ಅತಿ ದುಬಾರಿ ತಪ್ಪು ಒಂದಿದೆ. ಪೇಜ್‌ಫೈಂಡ್ ಮೊದಲು ಕೊಡುವುದು ಐಡಿಗಳ ಪಟ್ಟಿ ಮಾತ್ರ. ಪ್ರತಿ ಪುಟದ ಶೀರ್ಷಿಕೆ, ವಿಳಾಸ ಬೇಕಾದರೆ ಅದರ "ಡೇಟಾ" ಕರೆಯಬೇಕು, ಪ್ರತಿ ಕರೆಗೆ ಒಂದು ಫೈಲು ಇಳಿಯುತ್ತದೆ. 300 ಫಲಿತಾಂಶ ಬಂದು ಎಲ್ಲದರ ಡೇಟಾವನ್ನೂ ಒಟ್ಟಿಗೆ ಕೇಳಿದರೆ 300 ಫೈಲು. ಐದೈದೇ ಕೇಳಿ, ಕೆಳಗೆ "ಇನ್ನಷ್ಟು" ಗುಂಡಿ ಇಡಿ. ಉದ್ಧೃತ ತುಣುಕನ್ನೇ ತೋರಿಸುವುದಾದರೆ ಅದರ ಉದ್ದ ಸುಮ್ಮನಿದ್ದರೆ 30 ಪದ. ಕನ್ನಡದ ಒಂದು ಪದದಲ್ಲಿ ಇಂಗ್ಲಿಷಿನ ಎರಡು ಮೂರು ಪದದ ಅರ್ಥ ಇರುವುದರಿಂದ 30 ಪದ ಫೋನಿನ ಅರ್ಧ ತೆರೆ ತುಂಬುತ್ತದೆ. "ಎಕ್ಸರ್ಪ್ಟ್ ಲೆಂತ್" ಅನ್ನು 16ಕ್ಕೆ ಇಳಿಸಿ. ನೀವೇ ಬರಹ ಕತ್ತರಿಸುವುದಾದರೆ ಅಕ್ಷರ ಎಣಿಸಿ ಕತ್ತರಿಸಬೇಡಿ, "ಕನ್ನಡ" ಎಂಬುದು "ಕನ್" ಆಗಿ ನಿಲ್ಲುತ್ತದೆ. ಖಾಲಿ ಜಾಗ ನೋಡಿ ಪದದ ಗಡಿಯಲ್ಲೇ ಕತ್ತರಿಸಿ. ಬಣ್ಣ ಹಚ್ಚುವಾಗಲೂ ಹಾಗೆಯೇ: ಪೇಜ್‌ಫೈಂಡ್ ಪೂರ್ತಿ ಪದಕ್ಕೆ ಗುರುತು ಹಾಕುತ್ತದೆ, ಒಳ್ಳೆಯದೇ, ಪದದ ಅರ್ಧಕ್ಕೆ ಟ್ಯಾಗ್ ತೂರಿಸಿದರೆ ಒತ್ತಕ್ಷರ ಮುರಿದು ಬೀಳುತ್ತದೆ.

ಹುಡುಕಿದ ಪದ ವಿಳಾಸದಲ್ಲಿ ಉಳಿಯಲಿ, ಕೊಂಡಿಯನ್ನು ಇನ್ನೊಬ್ಬರಿಗೆ ಕಳಿಸಬಹುದು. ಆದರೆ "ಪುಶ್ ಸ್ಟೇಟ್" ಬೇಡ, "ರಿಪ್ಲೇಸ್ ಸ್ಟೇಟ್" ಬಳಸಿ. ಇಲ್ಲದಿದ್ದರೆ ಹಿಂದಿನ ಪುಟಕ್ಕೆ ಹೋಗಲು ಹೊಡೆದ ಅಕ್ಷರಗಳಷ್ಟು ಸಲ ಹಿಂದಿನ ಗುಂಡಿ ಒತ್ತಬೇಕಾಗುತ್ತದೆ. "ಕನ್ನಡ" ಎಂಬ ಪದ 5 ಸಂಕೇತ, 15 ಬೈಟ್, ವಿಳಾಸದಲ್ಲಿ ಶೇಕಡಾ ಗುರುತುಗಳಾಗಿ 45 ಅಕ್ಷರ. ಉದ್ದವಾಯಿತೆಂದು ಗಾಬರಿ ಬೇಡ.

ವೆಬ್ ಫಾಂಟ್ ಬೇಡವೇ ಬೇಡ. ಪೂರ್ತಿ ಮುಖ 4 ಕೆಬಿ ಇರುವಾಗ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಫಾಂಟನ್ನು ಇಳಿಸುವುದರಲ್ಲಿ ಅರ್ಥವಿಲ್ಲ. ಈಗಿನ ವಿಂಡೋಸಿನಲ್ಲಿ ನಿರ್ಮಲಾ, ಹಳೆಯದರಲ್ಲಿ ತುಂಗಾ, ಆಂಡ್ರಾಯ್ಡಿನಲ್ಲಿ ನೋಟೋ, ಮ್ಯಾಕಿನಲ್ಲಿ ಕನ್ನಡ ಸಂಗಮ್ ಈಗಾಗಲೇ ಇವೆ. ಸಾಲಿನ ಎತ್ತರವನ್ನು ಮಾತ್ರ 1.6ಕ್ಕಿಂತ ಕಡಿಮೆ ಮಾಡಬೇಡಿ, ಪೆಟ್ಟಿಗೆಯೊಳಗೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ.

ಯಾರಿಗೆ ಬೇಡ

ಅಕ್ಷರ ತಪ್ಪಿ ಹೊಡೆದರೂ ಸಿಗಬೇಕು ಎನ್ನುವವರಿಗೆ, ಕ್ಷಣಕ್ಷಣಕ್ಕೂ ಬದಲಾಗುವ ದಾಸ್ತಾನಿಗೆ ಇದು ಆಗದು. ಲಾಗಿನ್ ಆದವರಿಗಷ್ಟೇ ಕಾಣಬೇಕಾದ ಬರಹಕ್ಕಂತೂ ಬಳಸಲೇಬೇಡಿ; ಸೂಚಿಯ ತುಣುಕುಗಳು ಎಲ್ಲರಿಗೂ ತೆರೆದಿರುತ್ತವೆ. ತಪ್ಪು ಸಹಿಸುವುದು ಮುಖ್ಯವಾದರೆ ಮೈಲಿಸರ್ಚ್ ಎಂಬ ಹುಡುಕು ಎಂಜಿನ್ ಇದೆ, ಆದರೆ ಅದಕ್ಕೆ ಸದಾ ಓಡುವ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಮನುಷ್ಯರೂ ಬೇಕು.

ಸಣ್ಣ ಸರ್ವರ್ ಈಗಾಗಲೇ ಇರುವವರು ಒಂದೇ ಫೈಲಿನ ಡೇಟಾಬೇಸ್ ಆದ ಎಸ್‌ಕ್ಯೂಲೈಟಿನ ಎಫ್‌ಟಿಎಸ್5 ಎಂಬ ಹುಡುಕಾಟದ ಭಾಗದ ಕಡೆ ನೋಡಬಹುದು. ಒಂದು ಫೈಲು, ಒಂದು ಚಿಕ್ಕ ಸ್ಕ್ರಿಪ್ಟ್, ಜಾವಾಸ್ಕ್ರಿಪ್ಟೇ ಇಲ್ಲದ ಫಲಿತಾಂಶ ಪುಟ. ಹಗುರದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅದರ ಮೂಲ ಟೋಕನೈಜರ್ (ಬರಹವನ್ನು ಪದಗಳಾಗಿ ಒಡೆಯುವ ಭಾಗ) ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ತಿಳಿಯುತ್ತದೆ, ನಮ್ಮ ಕಾಗುಣಿತದ ಚಿಹ್ನೆಗಳನ್ನು ಪದ ಒಡೆಯುವ ಜಾಗ ಎಂದುಕೊಳ್ಳುತ್ತದೆ. "ಮಾರಿ" ಎಂಬುದು ಮ, ರ ಎಂದು ಒಡೆಯುತ್ತದೆ. "ಮೂರು", "ಮೀರಿ", "ಮೋರೆ" ಕೂಡ ಹಾಗೆಯೇ. ಮಾರಿಯನ್ನು ಹುಡುಕಿದವರಿಗೆ ಆ ಮೂರು ಪದಗಳೂ ಬರುತ್ತವೆ. ಮೊದಮೊದಲು ಎಲ್ಲ ಸಿಗುತ್ತಿರುವಂತೆ ಕಾಣುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಲ್ಲದು. ಕೋಷ್ಟಕ ಸೃಷ್ಟಿಸುವಾಗಲೇ "ಯೂನಿಕೋಡ್61" ಟೋಕನೈಜರಿನ "ಕ್ಯಾಟಗರೀಸ್" ಆಯ್ಕೆಗೆ "ಎಂಎನ್" ಮತ್ತು "ಎಂಸಿ" ಎಂಬೆರಡು ವರ್ಗಗಳನ್ನು ಸೇರಿಸಿದರೆ ಪದ ಪದವಾಗಿಯೇ ಉಳಿಯುತ್ತದೆ. ಒತ್ತು ತಡೆಯುವ ಚಿಹ್ನೆ ಈ ವರ್ಗಗಳಲ್ಲಿ ಇಲ್ಲ, ಅದನ್ನು ಮೊದಲೇ ತೆಗೆದುಹಾಕಿ. ಪದದ ಕೊನೆಗೆ ನಕ್ಷತ್ರ ಹಾಕಿದರೆ ಇಲ್ಲೂ ಆರಂಭ ಹೊಂದಿಸಿ ಹುಡುಕುತ್ತದೆ, ಉಕಾರದ ಮದ್ದು ಇಲ್ಲೂ ಅದೇ.

ಪೇಜ್‌ಫೈಂಡನ್ನೇ ಹಾಕುವುದಾದರೆ ತಾಣ ಏರಿಸುವ ಮುನ್ನ ಮೂರು ವಿಷಯ ನೋಡಿ. ಭದ್ರತಾ ನೀತಿಯ ತಲೆಸಾಲು ಇದ್ದರೆ ಸ್ಕ್ರಿಪ್ಟ್ ಭಾಗಕ್ಕೆ "ವಾಸ್ಮ್ ಅನ್‌ಸೇಫ್ ಇವಾಲ್" ಸೇರಿಸಬೇಕು, ಇಲ್ಲದಿದ್ದರೆ ವೆಬ್‌ಅಸೆಂಬ್ಲಿ ತೆರೆಯುವುದೇ ಇಲ್ಲ. ಪ್ರತಿ ಪುಟಕ್ಕೂ ಒಂದು ತುಣುಕು ಫೈಲು ಹುಟ್ಟುವುದರಿಂದ ಫೈಲುಗಳ ಸಂಖ್ಯೆ ಎರಡರಷ್ಟಾಗುತ್ತದೆ. ಕ್ಲೌಡ್‌ಫ್ಲೇರ್ ಪೇಜಸ್‌ನ ಉಚಿತ ಯೋಜನೆಯಲ್ಲಿ 20,000 ಫೈಲುಗಳ ಮಿತಿ ಇದೆ, 10,000 ಪುಟದ ತಾಣ ಅಲ್ಲಿ ತಟ್ಟನೆ ನಿಲ್ಲುತ್ತದೆ. ಮೂರನೆಯದು ಕ್ಯಾಶೆ, ಅಂದರೆ ಬ್ರೌಸರ್ ಉಳಿಸಿಕೊಳ್ಳುವ ನಕಲು. ತುಣುಕುಗಳ ಹೆಸರಿನಲ್ಲಿ ಹ್ಯಾಶ್ (ಒಳಗಿನ ಬರಹ ಬದಲಾದರೆ ತಾನೂ ಬದಲಾಗುವ ಗುರುತು) ಇರುವುದರಿಂದ ಅವನ್ನು ವರ್ಷಗಟ್ಟಲೆ ಉಳಿಸಿಕೊಳ್ಳಲು ಹೇಳಬಹುದು. ಮುಖ್ಯ ಸ್ಕ್ರಿಪ್ಟಿಗೂ ವೆಬ್‌ಅಸೆಂಬ್ಲಿ ಫೈಲಿಗೂ ಹ್ಯಾಶ್ ಇಲ್ಲ. ಅವಕ್ಕೂ ಅದೇ ನಿಯಮ ಹಾಕಿಬಿಟ್ಟು ಆಮೇಲೆ ಪೇಜ್‌ಫೈಂಡಿನ ಹೊಸ ಆವೃತ್ತಿಗೆ ಹೋದರೆ, ಹಳೆಯ ಓದುಗರ ಬ್ರೌಸರಿನಲ್ಲಿ ಹಳೆಯ ಸ್ಕ್ರಿಪ್ಟ್ ಹೊಸ ಸೂಚಿಯನ್ನು ಓದಲು ಹೋಗಿ ಕನ್ಸೋಲಿನಲ್ಲಿ ಆವೃತ್ತಿ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಹೊಸದಾಗಿ ಬಂದವರಿಗೆ ಎಲ್ಲ ಸರಿ ಕಾಣುತ್ತದೆ. ಆ ಎರಡು ಫೈಲಿಗೆ ಹತ್ತು ನಿಮಿಷಕ್ಕಿಂತ ಹೆಚ್ಚಿನ ಕ್ಯಾಶೆ ಕೊಡಬೇಡಿ.